ಬೀಸುವ ಕೈ, ಅಳೆಯುವ ಹರಳು

ಮನುಷ್ಯನು ವಿನೋದಕ್ಕಾಗಿ ನಿರ್ಮಿಸಿಕೊಂಡಿರುವ ಯಂತ್ರಗಳ ಪೈಕಿ, ಟೆಲಿವಿಷನ್ನಿನ ಮುಂದೆ ನಿಂತು ಮೈಕೈ ಆಡಿಸಿ ಆಡತಕ್ಕ ವೀಡಿಯೋ ಗೇಮುಗಳ ಮೇಲೆ ನನಗಿರುವಷ್ಟು ಪ್ರೀತಿ ಬೇರೆ ಯಾವುದರ ಮೇಲೂ ಇಲ್ಲ. ಬಾಲ್ಯದಲ್ಲಿ ಹುಟ್ಟಿದ ಆ ಪ್ರೀತಿಯು ಪ್ರಾಯ ಕಳೆದಂತೆ ಕುಂದದೆ, ಆ ಯಂತ್ರಗಳ ಒಳಗಿನ ವಿಜ್ಞಾನವನ್ನು ತಿಳಿಯುತ್ತ ಹೋದ ಹಾಗೆಲ್ಲ ಇಮ್ಮಡಿಸುತ್ತಲೇ ಬಂದಿದೆ. ಗುಂಡಿಯನ್ನೊತ್ತಿ ಆಡುವ ಆಟದಲ್ಲಿ ಯಂತ್ರಕ್ಕೆ ತಿಳಿಯಬೇಕಾದದ್ದು ಅತ್ಯಲ್ಪ: ಒತ್ತಿದ್ದಾಯಿತೋ ಇಲ್ಲವೋ ಎಂಬುದಿಷ್ಟೆ. ಕೈಯನ್ನು ಬೀಸಿ ಆಡುವ ಆಟದಲ್ಲಾದರೋ, ಒಂದು ಜೀವಂತ ದೇಹದ ಗತಿಯನ್ನು ಅದರ ವೇಗ, ದಿಕ್ಕು, ತಿರುವುಗಳ ಸಮೇತ ಯಂತ್ರವು ಕ್ಷಣಾರ್ಧದೊಳಗೆ ಗ್ರಹಿಸಬೇಕಾಗುತ್ತದೆ. ನಮ್ಮ ತಾರ್ಕಿಕರು ಪ್ರತ್ಯಕ್ಷವೆಂದೂ ಅನುಮಾನವೆಂದೂ ಜ್ಞಾನದ ಮಾರ್ಗಗಳನ್ನು ಬೇರ್ಪಡಿಸಿದ್ದಾರಷ್ಟೆ. ಈ ಯಂತ್ರಗಳಲ್ಲಿ ಒಂದಾದರೂ ಚಲನೆಯನ್ನು ಪ್ರತ್ಯಕ್ಷವಾಗಿ ಕಾಣತಕ್ಕುದಲ್ಲ. ಅವು ಬಲವನ್ನು ಅಳೆಯುತ್ತವೆ, ಬೆಳಕನ್ನು ಅಳೆಯುತ್ತವೆ, ಅಳೆದುದರಿಂದ ಚಲನೆಯನ್ನು ಅನುಮಾನಿಸುತ್ತವೆ. ಆ ಅನುಮಾನವು ಎಲ್ಲಿ ಗಟ್ಟಿ, ಎಲ್ಲಿ ದುರ್ಬಲ ಎಂಬುದೇ ಈ ಅಧ್ಯಾಯದ ವಿಷಯ.

ನಮ್ಮ ವಂಡ್ಸೆಯು ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ, ಚಕ್ರಾ ನದಿಯ ಮಗ್ಗುಲಲ್ಲಿರುವ ಊರು. ದೇಹದ ಚಲನೆಯನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಇಲ್ಲಿಯವರಿಗೆ ಹೊಸದಲ್ಲ. ಸಮೀಪದ ಮಾರಣಕಟ್ಟೆ ಮೇಳದ ಯಕ್ಷಗಾನ ಬಯಲಾಟಗಳನ್ನು ಬೆಳಗಿನವರೆಗೂ ಕುಳಿತು ನೋಡಿದವರಿಗೆ, ವೇಷಧಾರಿಯ ಹೆಜ್ಜೆಯು ಚೆಂಡೆಯ ಪೆಟ್ಟಿನೊಡನೆ ಎಷ್ಟರ ಮಟ್ಟಿಗೆ ಕೂಡಿತೆಂಬುದನ್ನು ವಿಮರ್ಶಿಸಲು ಯಾರ ಉಪದೇಶವೂ ಬೇಕಾಗುವುದಿಲ್ಲ. ಮಳೆ ಹಿಡಿದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಆಸಾಡಿಯ ಜಡಿಮಳೆಯಲ್ಲಿ ಅಂಗಳಕ್ಕಿಳಿಯಲಾರದ ಮಕ್ಕಳಿಗೆ ಮನೆಯ ಚಾವಡಿಯೇ ಬಯಲಾಗುತ್ತದೆ. ಬೆಂಗಳೂರು ಮುಂಬಯಿಗಳಲ್ಲಿ ಹೋಟೆಲು ನಡೆಸುವ, ಇಲ್ಲವೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಬಂಧುಗಳಿಲ್ಲದ ಮನೆ ನಮ್ಮ ಕಡೆ ವಿರಳವಾದುದರಿಂದ, ರಜೆಗೆ ಬಂದವರ ಸೂಟ್‌ಕೇಸುಗಳಲ್ಲಿ ಇಂತಹ ಯಂತ್ರಗಳೂ ಊರಿಗೆ ಬಂದಿಳಿದವು. ಅಮೆರಿಕದಿಂದ ಬಂದದ್ದಾದರೆ ಅದರ ಅಡಾಪ್ಟರು 120 ವೋಲ್ಟಿನದು. ನಮ್ಮ ಗೋಡೆಯ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಲು ಬರುವಂತಿರಲಿಲ್ಲ, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೊಂದನ್ನು ಇಡಲೇಬೇಕಾಗಿತ್ತು.

ಅದಕ್ಕೂ ಮೊದಲು, 1990ರ ದಶಕದಲ್ಲಿ, ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತಿದ್ದ ‘ಕ್ಯಾಸೆಟ್’ ಹಾಕುವ ಅಗ್ಗದ ಯಂತ್ರಗಳೊಡನೆ ಒಂದು ಪ್ಲಾಸ್ಟಿಕ್ ಪಿಸ್ತೂಲು ಬರುತ್ತಿತ್ತು. ನಿಂಟೆಂಡೊ ಸಂಸ್ಥೆಯು 1984ರಲ್ಲಿ ಹೊರತಂದ ‘ಡಕ್ ಹಂಟ್’ ಎಂಬ ಬಾತುಕೋಳಿ ಬೇಟೆಯ ಆಟಕ್ಕೆ ಅದನ್ನು ಉಪಯೋಗಿಸುವುದು. ಪಿಸ್ತೂಲಿನಿಂದ ಏನೋ ಹೊರಟು ಪರದೆಗೆ ತಗಲುತ್ತದೆಂದೇ ಮಕ್ಕಳೆಲ್ಲರ ನಂಬಿಕೆಯಾಗಿದ್ದರೂ, ನಿಜದಲ್ಲಿ ನಡೆಯುತ್ತಿದ್ದದ್ದು ಅದರ ವಿಲೋಮ: ಕುದುರೆಯನ್ನೆಳೆದ ಕ್ಷಣದಲ್ಲಿ ಪರದೆಯೆಲ್ಲ ಕಪ್ಪಾಗಿ, ಮರುಗಳಿಗೆಯಲ್ಲಿ ಹಕ್ಕಿಯಿದ್ದ ಸ್ಥಳದಲ್ಲಿ ಮಾತ್ರ ಬಿಳಿಯ ಚೌಕವೊಂದು ಮೂಡುತ್ತಿತ್ತು, ಪಿಸ್ತೂಲಿನ ನಳಿಗೆಯೊಳಗೆ ಅಡಗಿದ್ದ ಬೆಳಕಿನ ಸೆನ್ಸರು ಆ ಬಿಳಿಯನ್ನು ಕಂಡಿತೆಂದರೆ ಗುರಿ ತಗಲಿತು, ಕಾಣದಿದ್ದರೆ ತಪ್ಪಿತು. ಎಂದರೆ ಪಿಸ್ತೂಲು ಒಂದು ಕಣ್ಣಾಗಿತ್ತು. ಇಷ್ಟು ಸರಳವಾದ ಉಪಾಯದಿಂದ ಇಷ್ಟು ದೊಡ್ಡ ಭ್ರಾಂತಿಯನ್ನು ಸೃಷ್ಟಿಸಬಹುದೆಂಬ ತಿಳಿವೇ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿತೆನ್ನಬೇಕು.

ಕೈಯ ಬೀಸನ್ನೇ ಅಳೆಯಬೇಕಾದರೆ ಬೆಳಕು ಸಾಲದು. ಜಡತ್ವದ ನೆರವು ಬೇಕು. ಕೊಲ್ಲೂರಿನ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವನು ಕಣ್ಣು ಮುಚ್ಚಿಕೊಂಡಿದ್ದರೂ, ಚಾಲಕನು ಬ್ರೇಕು ಹಾಕಿದ್ದನ್ನು ಮೈ ಮುಂದಕ್ಕೆ ವಾಲುವುದರಿಂದಲೂ, ಎಡಕ್ಕೆ ತಿರುಗಿಸಿದ್ದನ್ನು ಮೈ ಬಲಕ್ಕೆ ಒರಗುವುದರಿಂದಲೂ ತಿಳಿದುಕೊಳ್ಳುತ್ತಾನೆ. ಆದರೆ ನೇರವಾದ ನುಣುಪು ರಸ್ತೆಯಲ್ಲಿ ಬಸ್ಸು ಒಂದೇ ವೇಗದಿಂದ ಸಾಗುತ್ತಿರುವಾಗ, ಆ ವೇಗವು ಗಂಟೆಗೆ ಇಪ್ಪತ್ತು ಕಿಲೋಮೀಟರೋ ಅರುವತ್ತೋ ಎಂಬುದನ್ನು ಅವನ ಮೈ ಹೇಳಲಾರದು. ಮೈಗೆ ತಿಳಿಯುವುದು ವೇಗದ ಬದಲಾವಣೆ, ಎಂದರೆ ವೇಗೋತ್ಕರ್ಷ. ಅದನ್ನಳೆಯುವ ಸಾಧನಕ್ಕೆ ಆಕ್ಸಿಲರೋಮೀಟರ್ ಎಂದು ಹೆಸರು.

ನಿಂಟೆಂಡೊದ ‘ವೀ’ ಯಂತ್ರದ ರಿಮೋಟಿನೊಳಗಿದ್ದ ಆಕ್ಸಿಲರೋಮೀಟರು ಅನಲಾಗ್ ಡಿವೈಸಸ್ ಸಂಸ್ಥೆಯ ಎಡಿಎಕ್ಸ್‌ಎಲ್ 330 ಎಂಬುದು; ನಾಲ್ಕು ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಆ ಅಲ್ಪಾವಕಾಶದಲ್ಲಿ, ಸಿಲಿಕಾನಿನ ಒಂದು ಪುಟ್ಟ ಫಲಕವು ಸಿಲಿಕಾನಿನದೇ ಆದ ಸ್ಪ್ರಿಂಗುಗಳ ಆಧಾರದಿಂದ ತೂಗಿಕೊಂಡಿದೆ. ಈ ವರ್ಗದ ಮೊದಲ ಸಾಧನಗಳಲ್ಲಿ ಆ ಫಲಕದ ತೂಕ ಗ್ರಾಮಿನ ಕೋಟಿಯಲ್ಲೊಂದು ಪಾಲಿನಷ್ಟು. ಫಲಕದ ಅಂಚಿನಿಂದ ಹೊರಚಾಚಿದ ಸೂಕ್ಷ್ಮವಾದ ಬೆರಳುಗಳು, ಸ್ಥಿರವಾಗಿ ನಿಂತ ಇನ್ನಷ್ಟು ಬೆರಳುಗಳ ಸಂದಿಯಲ್ಲಿ, ಎದುರುಬದುರಾಗಿ ಸೇರಿಸಿದ ಎರಡು ಬಾಚಣಿಗೆಗಳ ಹಲ್ಲುಗಳಂತೆ, ಮುಟ್ಟದೆ ನಿಂತಿರುತ್ತವೆ. ರಿಮೋಟನ್ನು ಬೀಸಿದಾಗ ಚೌಕಟ್ಟು ಮುಂದೆ ಹೋಗುತ್ತದೆ, ಫಲಕವು ಜಡತ್ವದಿಂದ ಲವಲೇಶ ಹಿಂದುಳಿಯುತ್ತದೆ. ಬೆರಳುಗಳ ನಡುವಿನ ಅಂತರವು ಒಂದು ಪಕ್ಕದಲ್ಲಿ ಕಿರಿದಾಗಿ ಮತ್ತೊಂದು ಪಕ್ಕದಲ್ಲಿ ಹಿರಿದಾಗುತ್ತದೆ. ಆ ವ್ಯತ್ಯಾಸದಿಂದ ಅವುಗಳ ವಿದ್ಯುತ್ ಧಾರಣಶಕ್ತಿಯಲ್ಲುಂಟಾಗುವ ಏರುಪೇರನ್ನು ಪಕ್ಕದ ವಿದ್ಯುನ್ಮಂಡಲವು ಅಳೆಯುತ್ತದೆ. ಹೀಗೆ ಅಳೆಯಲ್ಪಡುವ ಸರಿತವು ಒಂದು ಪರಮಾಣುವಿನ ವ್ಯಾಸಕ್ಕಿಂತಲೂ ಕಡಿಮೆಯಿರಬಹುದೆಂಬುದನ್ನು ಮೊದಲ ಬಾರಿಗೆ ಓದಿದಾಗ ನನಗುಂಟಾದ ರೋಮಾಂಚವು ಇಂದಿಗೂ ಮಾಸಿಲ್ಲ. 1990ರ ದಶಕದ ಆದಿಯಲ್ಲಿ ಈ ಸಾಧನಗಳನ್ನು ರೂಪಿಸಿದ್ದು ಕಾರುಗಳಿಗಾಗಿ. ಅಪಘಾತದ ಆಘಾತವನ್ನು ಅರಿತು ಏರ್‌ಬ್ಯಾಗನ್ನು ಉಬ್ಬಿಸುವುದು ಅವುಗಳ ಉದ್ಯೋಗವಾಗಿತ್ತು.

ಈ ಮಾಪಕಕ್ಕೆ ಒಂದು ಮೂಲಭೂತವಾದ ಕುರುಡಿದೆ. ಮೇಜಿನ ಮೇಲೆ ಅಲುಗದೆ ಮಲಗಿರುವ ರಿಮೋಟು ಕೂಡ, ತಾನು ಮೇಲ್ಮುಖವಾಗಿ ಒಂದು ‘ಜಿ’, ಎಂದರೆ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ವೇಗೋತ್ಕರ್ಷದಲ್ಲಿದ್ದೇನೆಂದು ವರದಿ ಮಾಡುತ್ತದೆ. ಕೈಜಾರಿ ಬೀಳುತ್ತಿರುವಾಗಲಾದರೋ, ನೆಲ ಮುಟ್ಟುವವರೆಗೂ ಸೊನ್ನೆಯನ್ನು ತೋರಿಸುತ್ತದೆ. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಒಳಗೆ ಕುಳಿತವನು ಬೇರ್ಪಡಿಸಿ ತಿಳಿಯಲಾರನೆಂಬುದು, 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಉದ್ಯೋಗದಲ್ಲಿದ್ದ ಐನ್‌ಸ್ಟೈನನು ಕಂಡುಕೊಂಡು, ಮುಂದೆ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೆ ತಳಹದಿಯನ್ನಾಗಿ ಮಾಡಿದ ತತ್ತ್ವ. ಆ ಮಹಾತತ್ತ್ವವೇ ಮಕ್ಕಳ ಆಟಿಕೆಯೊಳಗೆ ಒಂದು ತೊಡಕಾಗಿ ಕುಳಿತಿದೆ. ಯಂತ್ರವು ಸುಮ್ಮನಿರುವಾಗ ಈ ತೊಡಕೇ ಉಪಕಾರಿ. ಗುರುತ್ವವು ಯಾವ ಕಡೆ ಎಳೆಯುತ್ತಿದೆಯೆಂಬುದರಿಂದ ರಿಮೋಟು ಎತ್ತ ವಾಲಿದೆಯೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ. 2000ದಲ್ಲಿ ಜಪಾನಿನಲ್ಲಿ ಬಂದ ಗೇಮ್‌ಬಾಯ್‌ನ ಒಂದು ಕ್ಯಾಸೆಟ್ಟಿನೊಳಗೆ ಇದೇ ಕುಲದ ಮಾಪಕವನ್ನಿಟ್ಟು, ಯಂತ್ರವನ್ನು ವಾಲಿಸಿ ‘ಕರ್ಬಿ’ ಎಂಬ ಗುಂಡುಮೈಯ ಪಾತ್ರವನ್ನು ಉರುಳಿಸುವ ಆಟವನ್ನು ನಿಂಟೆಂಡೊ ರಚಿಸಿತ್ತು. ಕೈ ಬಿರುಸಾಗಿ ಬೀಸಿದೊಡನೆ ಮಾತ್ರ ಗುರುತ್ವ ಯಾವುದು, ಬೀಸು ಯಾವುದು ಎಂಬುದು ಕಲಸಿಹೋಗುತ್ತದೆ. ವೇಗೋತ್ಕರ್ಷವನ್ನು ಕೂಡಿಸುತ್ತ ಹೋದರೆ ವೇಗವೂ, ವೇಗವನ್ನು ಕೂಡಿಸುತ್ತ ಹೋದರೆ ಸ್ಥಾನವೂ ಸಿಗಬೇಕೆಂದು ಗಣಿತ ಹೇಳುತ್ತದೆ, ನಿಜ. ಆದರೆ ಅಳತೆಯಲ್ಲಿ ಒಂದು ‘ಜಿ’ಯ ನೂರನೆಯ ಒಂದು ಪಾಲಿನಷ್ಟು ತಪ್ಪು ನಿರಂತರವಾಗಿ ಉಳಿದರೂ, ಹತ್ತು ಸೆಕೆಂಡುಗಳಲ್ಲಿ ಸ್ಥಾನವು 4.9 ಮೀಟರ್ ತಪ್ಪಿಹೋಗುತ್ತದೆ. ಚಾವಡಿಯಲ್ಲಿರುವ ಕೈಯನ್ನು ಯಂತ್ರವು ಅಂಗಳದಾಚೆಯ ತೋಟದಲ್ಲಿದೆಯೆಂದು ಭಾವಿಸಿದಂತಾಯಿತು.

ಇಂತಹ ಅರೆಬರೆಯ ಇಂದ್ರಿಯವೊಂದನ್ನು ನಂಬಿ, 1889ರಲ್ಲಿ ಕ್ಯೋಟೋ ನಗರದಲ್ಲಿ ಹೂಚಿತ್ರದ ಇಸ್ಪೀಟೆಲೆ ತಯಾರಿಸಲು ಹುಟ್ಟಿದ ನಿಂಟೆಂಡೊ ಸಂಸ್ಥೆಯು ತನ್ನ ಭವಿಷ್ಯವನ್ನೇ ಪಣಕ್ಕಿಟ್ಟಿತೆಂಬುದು ಸಾಹಸದ ಮಾತು. ಅಲ್ಲಿ ಬಹುಕಾಲ ದುಡಿದ ಗುನ್ಪೇ ಯೊಕೊಯಿ ಎಂಬ ಮಹಾನುಭಾವನ ಬೋಧೆಯೊಂದಿತ್ತು: ಹೊಚ್ಚಹೊಸ ತಂತ್ರಜ್ಞಾನದ ಬೆನ್ನು ಹತ್ತದೆ, ಚೆನ್ನಾಗಿ ಪಳಗಿ ಅಗ್ಗವಾಗಿರುವ ತಂತ್ರಜ್ಞಾನಕ್ಕೆ ಯಾರೂ ಯೋಚಿಸದ ಉಪಯೋಗವನ್ನು ಕಂಡುಕೊಳ್ಳಬೇಕೆಂಬುದು. ಏರ್‌ಬ್ಯಾಗಿನ ಮಾಪಕವು ಟೆನ್ನಿಸ್ ರ‍್ಯಾಕೆಟ್ಟಾದದ್ದು ಆ ಬೋಧೆಯ ಫಲವೆಂದೇ ನಾನು ತಿಳಿದಿದ್ದೇನೆ. 2005ರ ಸೆಪ್ಟೆಂಬರಿನಲ್ಲಿ ಟೋಕಿಯೋದ ಪ್ರದರ್ಶನದಲ್ಲಿ ಸಂಸ್ಥೆಯ ಅಧ್ಯಕ್ಷ ಸಟೋರು ಇವಾಟಾ ಆ ರಿಮೋಟನ್ನು ಮೊದಲಿಗೆ ಎತ್ತಿ ತೋರಿಸಿದರು. 2006ರ ನವೆಂಬರ್ 19ರಂದು ಅಮೆರಿಕದಲ್ಲಿ ‘ವೀ’ ಮಾರಾಟಕ್ಕೆ ಬಂದಿತು. ಒಟ್ಟು ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅದರೊಡನೆ ಬಂದ ‘ವೀ ಸ್ಪೋರ್ಟ್ಸ್’ ಆಟದ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದರ ಟೆನ್ನಿಸ್ಸಿನಲ್ಲಿ ಆಟಗಾರನ ಓಡಾಟವನ್ನು ಯಂತ್ರವೇ ವಹಿಸಿಕೊಂಡು, ನಮ್ಮಿಂದ ಬೀಸಿನ ಹೊತ್ತು ಮತ್ತು ರೀತಿಗಳನ್ನಷ್ಟೇ ಕೇಳುತ್ತಿತ್ತು. ಮಾಪಕವು ಚೆನ್ನಾಗಿ ಬಲ್ಲದ್ದನ್ನು ಮಾತ್ರ ಕೇಳಿ, ಅರಿಯದ್ದನ್ನು ಕೇಳದೆ ಬಿಟ್ಟುದರಿಂದಲೇ ಭ್ರಾಂತಿ ಒಡೆಯಲಿಲ್ಲ. ಕುಳಿತಲ್ಲೇ ಮಣಿಕಟ್ಟನ್ನು ಚಿಮುಕಿಸಿದರೂ ಆಟ ನಡೆಯುವುದಲ್ಲವೆಂದು ಆಕ್ಷೇಪಿಸುವವರುಂಟು. ನಡೆಯುತ್ತದೆ, ಆದರೆ ಎಂದೂ ಯಂತ್ರವನ್ನು ಮುಟ್ಟಿರದ ಅಜ್ಜಿಯರೂ ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಪೂರ್ಣ ತೋಳಿನಿಂದ ಬೀಸಿದ್ದನ್ನು ಕಂಡವನು ನಾನು. ಆ ಉತ್ಸಾಹವು ಎಲ್ಲೆಡೆಯೂ ಎಷ್ಟಿತ್ತೆಂದರೆ, ಮಣಿಕಟ್ಟಿನ ದಾರ ಕಡಿದು ರಿಮೋಟುಗಳು ಕೈಯಿಂದ ಹಾರಿಹೋಗತೊಡಗಿದುದರಿಂದ, ಮೊದಲ ತಿಂಗಳಿನಲ್ಲೇ ಸಂಸ್ಥೆಯು 32 ಲಕ್ಷ ದಾರಗಳಿಗೆ ಬದಲಾಗಿ ದಪ್ಪನೆಯ ದಾರಗಳನ್ನು ಒದಗಿಸಬೇಕಾಯಿತು.

ರಿಮೋಟಿನ ಮೂತಿಯಲ್ಲಿ ಎರಡನೆಯ ಇಂದ್ರಿಯವೊಂದಿತ್ತು: ಅವಕೆಂಪು ಬೆಳಕನ್ನು ಮಾತ್ರ ಕಾಣುವ ಪುಟ್ಟ ಕ್ಯಾಮರಾ. ಟಿ.ವಿ.ಯ ಮೇಲೆ ಇಡುವ ‘ಸೆನ್ಸರ್ ಬಾರ್’ ಎಂಬ ಪಟ್ಟಿಗೆ ಹೆಸರು ಹಾಗಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ಅವಕೆಂಪು ದೀಪಗಳಿವೆ, ಅಷ್ಟೆ. ಕ್ಯಾಮರಾ ಸೆಕೆಂಡಿಗೆ 100 ಬಾರಿ ಆ ಎರಡು ಬೆಳಕಿನ ಚುಕ್ಕೆಗಳನ್ನು ನೋಡಿ, ಅವುಗಳ ಸ್ಥಾನದಿಂದ ರಿಮೋಟು ಎತ್ತ ಗುರಿಯಿಟ್ಟಿದೆಯೆಂಬುದನ್ನೂ, ಅವುಗಳನ್ನು ಕೂಡಿಸುವ ರೇಖೆಯ ಓರೆಯಿಂದ ಕೈ ಎಷ್ಟು ತಿರುಚಿದೆಯೆಂಬುದನ್ನೂ, ಅವುಗಳ ನಡುವಣ ತೋರಿಕೆಯ ಅಂತರದಿಂದ ಆಟಗಾರನು ಎಷ್ಟು ದೂರದಲ್ಲಿದ್ದಾನೆಂಬುದನ್ನೂ ಲೆಕ್ಕಹಾಕುತ್ತದೆ. ದೂರ ಇಮ್ಮಡಿಯಾದರೆ ಚುಕ್ಕೆಗಳ ಅಂತರ ಅರ್ಧವಾಗುತ್ತದೆ. ಪಟ್ಟಿಯ ಸ್ಥಾನದಲ್ಲಿ ಗೇಣುದ್ದದ ಅಂತರದಲ್ಲಿ ಎರಡು ಮೇಣದಬತ್ತಿಗಳನ್ನೋ ಎಣ್ಣೆಯ ಹಣತೆಗಳನ್ನೋ ಹಚ್ಚಿಟ್ಟರೂ ಆಟ ನಡೆಯುತ್ತದೆ, ಏಕೆಂದರೆ ಉರಿಯುವ ಬತ್ತಿಯು ಸೂಸುವುದರಲ್ಲಿ ಬಹುಭಾಗ ಅವಕೆಂಪೇ. ಪ್ರಾಥಮಿಕ ಶಾಲೆಯ ವಿಜ್ಞಾನದ ತರಗತಿಯಲ್ಲಿ ಕಣ್ಣಿಗೆ ಕಾಣದ ಬೆಳಕಿನ ಇರವನ್ನು ತೋರಿಸಲು ಇದಕ್ಕಿಂತ ಉತ್ತಮವಾದ ಪ್ರಯೋಗ ನನಗೆ ತಿಳಿಯದು.

ತಿರುಗುವಿಕೆಯ ಅರಿವಿಗೆ ಬರೋಣ. ನಮ್ಮ ಪ್ರತಿಯೊಬ್ಬರ ಒಳಕಿವಿಯಲ್ಲಿ, ಕೇಳ್ಮೆಗೆ ಸಂಬಂಧಿಸದ ಎರಡು ಬಗೆಯ ಅಂಗಗಳಿವೆ. ಒಂದರಲ್ಲಿ, ಲೋಳೆಯ ಹಾಸಿನ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟಿನ, ಎಂದರೆ ನಮ್ಮ ಕಡಲ ತೀರದ ಚಿಪ್ಪುಗಳಲ್ಲಿರುವ ಪದಾರ್ಥದ, ನುಣ್ಣನೆಯ ಹರಳುಗಳು ಕುಳಿತಿದ್ದು, ತಲೆ ವಾಲಿದಾಗಲೂ ಮುಂದೊತ್ತಿದಾಗಲೂ ಜಾರಿ, ಕೆಳಗಿನ ರೋಮಕೋಶಗಳನ್ನು ಬಾಗಿಸುತ್ತವೆ. ಇದೇ ನಮ್ಮ ಆಕ್ಸಿಲರೋಮೀಟರು, ಗುರುತ್ವದ ತೊಡಕಿನ ಸಮೇತ. ಇನ್ನೊಂದು, ಪರಸ್ಪರ ಲಂಬವಾಗಿರುವ ಮೂರು ಅರ್ಧವರ್ತುಲ ನಾಳಗಳು. ತಲೆ ತಿರುಗಿದಾಗ ಅವುಗಳೊಳಗಿನ ದ್ರವವು ಹಿಂದುಳಿದು ತಿರುವಿನ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ನಾಲ್ಕು ಸುತ್ತು ಗಿರಗಿರನೆ ತಿರುಗಿ ನಿಂತ ಮಗುವಿಗೆ ಲೋಕವೇ ತಿರುಗಿದಂತಾಗುವುದು, ನಿಂತ ಮೇಲೆಯೂ ಆ ದ್ರವವು ಹರಿಯುತ್ತಿರುವುದರಿಂದ. ಬಡಗುತಿಟ್ಟಿನ ವೇಷಧಾರಿಯು ಮಂಡಿಯೂರಿ ಸುತ್ತುಸುತ್ತಾಗಿ ‘ಮಂಡಿ ಗಿರಕಿ’ ಹೊಡೆದು, ಎದ್ದು ನಿಂತೊಡನೆ ಅಳುಕದೆ ಮಾತು ಪ್ರಾರಂಭಿಸುವುದನ್ನು ನೋಡಿದವರೆಲ್ಲರೂ, ಅವನ ಕಿವಿಯ ದ್ರವಕ್ಕೆ ಏನಾಯಿತೆಂದು ಕೇಳಬೇಕು. ದ್ರವವು ಅವನಲ್ಲಿಯೂ ಹರಿಯುತ್ತಲೇ ಇರುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬ್ಯಾಲೆ ನರ್ತಕಿಯರ ಮೆದುಳು ಕಿವಿಯಿಂದ ಬರುವ ಈ ಸುದ್ದಿಯನ್ನು ದೀರ್ಘಾಭ್ಯಾಸದಿಂದ ತಗ್ಗಿಸಿಕೊಂಡಿರುವುದು ಕಂಡುಬಂದಿತು. ಗಿರಕಿಯ ಕಲಾವಿದರಲ್ಲಿಯೂ ಅಭ್ಯಾಸವೇ ಇಂತಹ ಕೆಲಸ ಮಾಡಿರಬೇಕೆಂದು ಊಹಿಸಲು ನನಗೆ ಸಂಕೋಚವಿಲ್ಲ.

‘ವೀ’ ರಿಮೋಟಿಗೆ ಹುಟ್ಟಿನಿಂದ ಈ ಅರ್ಧವರ್ತುಲ ನಾಳಗಳಿರಲಿಲ್ಲ. 2009ರಲ್ಲಿ ‘ಮೋಷನ್ ಪ್ಲಸ್’ ಎಂಬ ಸಣ್ಣ ತುಂಡೊಂದನ್ನು ಅದರ ಬುಡಕ್ಕೆ ಸಿಕ್ಕಿಸುವ ಮೂಲಕ ಆ ಕೊರತೆ ನೀಗಿತು. ಅದರೊಳಗಿನ ಗೈರೋಸ್ಕೋಪಿನಲ್ಲಿ ತಿರುಗುವ ಚಕ್ರವಿಲ್ಲ, ಕಂಪಿಸುವ ಸೂಕ್ಷ್ಮಕಾಯವಿದೆ. ಕಂಪಿಸುತ್ತಿರುವ ವಸ್ತುವನ್ನು ತಿರುಗಿಸಿದರೆ ಅದರ ಮೇಲೆ ಪಾರ್ಶ್ವದಿಂದ ಒಂದು ಬಲ ತೋರುತ್ತದೆಂಬುದು, ಫ್ರಾನ್ಸಿನ ಕೊರಿಯೋಲಿಸನು 1835ರಲ್ಲಿ ವಿವರಿಸಿದ ತತ್ತ್ವದ ಫಲ. ಆ ಬಲ ಎಷ್ಟೆಂದು ಅಳೆದರೆ ತಿರುವಿನ ವೇಗ ದೊರೆಯುತ್ತದೆ. ನೊಣದ ರೆಕ್ಕೆಗಳ ಹಿಂದೆ ಗುಂಡುಸೂಜಿಯಾಕಾರದಲ್ಲಿ ಮಿಡಿಯುವ ಅಂಗಗಳು ಇದೇ ತತ್ತ್ವದಿಂದ ಅದರ ಹಾರಾಟವನ್ನು ತಿದ್ದುತ್ತವೆ. ಮೋಷನ್ ಪ್ಲಸ್ ಬಂದ ಮೇಲೆ ‘ವೀ ಸ್ಪೋರ್ಟ್ಸ್ ರೆಸಾರ್ಟ್’ ಆಟದಲ್ಲಿ ಬಿಲ್ಲನ್ನು ಹೂಡಿ ಎಳೆದಾಗಲೂ, ಕತ್ತಿಯನ್ನು ಓರೆಯಾಗಿ ತಿರುಗಿಸಿದಾಗಲೂ, ಪರದೆಯ ಮೇಲಿನ ಆಯುಧವು ನಮ್ಮ ಕೈಯನ್ನು ಎಳೆಯೆಳೆಯಾಗಿ ಅನುಸರಿಸತೊಡಗಿತು.

2010ರಲ್ಲಿ ಸೋನಿ ಸಂಸ್ಥೆಯು ತನ್ನ ‘ಮೂವ್’ ಕೋಲಿನ ತುದಿಗೆ ಬಣ್ಣದ ಬೆಳಕಿನ ಗುಂಡೊಂದನ್ನಿಟ್ಟು ಕ್ಯಾಮರಾದಿಂದ ಅದನ್ನು ಹಿಂಬಾಲಿಸಿತು. ಅಳತೆಯ ನಿಖರತೆಯಲ್ಲಿ ಅದು ಬಹಳ ಮೇಲ್ಮಟ್ಟದ್ದಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ‘ಕಿನೆಕ್ಟ್’ ಬಂದು, ಕೈಯಲ್ಲಿ ಏನನ್ನೂ ಹಿಡಿಯದೆ ಆಡಬಹುದೆಂದು ಸಾರಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯನ್ನು ಸೇರಿತು. ಅವಕೆಂಪು ಲೇಸರಿನಿಂದ ಕೋಣೆಯ ತುಂಬ ಸಹಸ್ರಾರು ಚುಕ್ಕೆಗಳನ್ನು ಚೆಲ್ಲಿ, ಪಕ್ಕದ ಕ್ಯಾಮರಾದಿಂದ ನೋಡಿ, ಪ್ರತಿ ಚುಕ್ಕೆಯೂ ತನ್ನ ಎಣಿಸಿದ ಸ್ಥಾನದಿಂದ ಎಷ್ಟು ಸರಿದಿದೆಯೆಂಬುದರಿಂದ ದೂರವನ್ನು ಅದು ತಿಳಿಯುತ್ತಿತ್ತು. ದೂರದ ಆ ಚಿತ್ರದಲ್ಲಿ ಮೊಣಕೈ ಯಾವುದು, ಮಂಡಿ ಯಾವುದು ಎಂಬುದನ್ನು ಗುರುತಿಸುವ ವಿಧಾನವನ್ನು ಕೇಂಬ್ರಿಜ್ಜಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಜೇಮಿ ಶಾಟನ್ ಮತ್ತು ಸಂಗಡಿಗರು ರೂಪಿಸಿದರು. ದೇಹವನ್ನು 31 ಭಾಗಗಳಾಗಿ ವಿಂಗಡಿಸಿ, ಹತ್ತು ಲಕ್ಷ ಕೃತಕ ಚಿತ್ರಗಳನ್ನು ತೋರಿಸಿ, ಪ್ರತಿ ಬಿಂದುವೂ ಯಾವ ಭಾಗಕ್ಕೆ ಸೇರಿದ್ದೆಂದು ಊಹಿಸಲು ಯಂತ್ರಕ್ಕೆ ಕಲಿಸಿದ ಆ ವಿಧಾನವು, ವಿಜ್ಞಾನದ ದೃಷ್ಟಿಯಿಂದ ಈ ಇಡೀ ಚರಿತ್ರೆಯ ಶಿಖರವೆಂದು ನನ್ನ ದೃಢವಾದ ಅಭಿಪ್ರಾಯ. ಆದರೂ ಕಿನೆಕ್ಟಿಗೆ ಆಟಗಾರನ ಮುಂದೆ ಒಂದೆರಡು ಮಾರು ತೆರವಾದ ನೆಲ ಬೇಕು. ಸೀರೆಯ ನೆರಿಗೆಯಲ್ಲಾಗಲಿ, ಪಂಚೆಯಲ್ಲಾಗಲಿ ಎರಡು ಕಾಲುಗಳ ಗಡಿ ಅಳಿಸಿಹೋದರೆ ಅದರ ಊಹೆ ತಡವರಿಸುತ್ತದೆ. ನಮ್ಮ ಮನೆಗಳಿಗೆ ಇವೆರಡೂ ಸಣ್ಣ ಅಡ್ಡಿಗಳಲ್ಲ.

ಆಟವಾಗಿ ನನಗೆ ಪ್ರಿಯವಾದದ್ದು ಕಿನೆಕ್ಟಲ್ಲ, ‘ವೀ’. ಕಾರಣವಿಷ್ಟೆ: ಕೈಗೆ ಹಿಡಿಯಲು ಏನಾದರೂ ಬೇಕು. ಬೆರಳುಗಳು ಒಂದು ವಸ್ತುವನ್ನು ಅಪ್ಪಿ ಹಿಡಿದಾಗ ಅದರ ತೂಕ, ಅದರ ಜಡತ್ವ, ಅದರ ಮೃದುವಾದ ನಡುಕ, ಇವೆಲ್ಲವೂ ಚರ್ಮದಿಂದಲೂ ಸ್ನಾಯುಗಳಿಂದಲೂ ಮೆದುಳಿಗೆ ಹಿಂತಿರುಗಿ, ಬೀಸನ್ನು ನಡುವೆಯೇ ತಿದ್ದುತ್ತವೆ. ಬರಿಗೈಯನ್ನು ಗಾಳಿಯಲ್ಲಿ ಆಡಿಸುವಾಗ ಆ ಪ್ರತ್ಯುತ್ತರವಿಲ್ಲ. ರಂಗಸ್ಥಳದ ಅಭಿಮನ್ಯುವೂ ಬರಿಗೈಯಲ್ಲಿ ಯುದ್ಧ ಮಾಡುವುದಿಲ್ಲ. ಮರದ ಹಗುರವಾದ ಬಿಲ್ಲೊಂದು ಅವನ ಕೈಯಲ್ಲಿದ್ದೇ ಇರುತ್ತದೆ. ಕಿನೆಕ್ಟಿನ ತಯಾರಿಕೆ 2017ರಲ್ಲಿ ನಿಂತಿತು. ಅದೇ ವರ್ಷದ ಮಾರ್ಚಿನಲ್ಲಿ ಬಂದ ನಿಂಟೆಂಡೊದ ‘ಸ್ವಿಚ್’, ಜಾಯ್‌ಕಾನ್ ಎಂಬ ಎರಡು ಪುಟ್ಟ ಹಿಡಿಗಳೊಡನೆ, ಕೈಗೆ ವಸ್ತುವನ್ನು ಕೊಡುವ ಪರಂಪರೆಯನ್ನು ಮುಂದುವರಿಸಿತು.

ಇದೇ ಬಗೆಯ ಮಾಪಕಗಳು ಇಂದು ಸ್ಮಾರ್ಟ್‌ಫೋನುಗಳಲ್ಲಿಯೂ ಇವೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದವರು 2008ರಲ್ಲಿ ‘ನೆರಿಸೆಲ್’ ಎಂಬ ಯೋಜನೆಯಲ್ಲಿ, ಫೋನಿನ ಆಕ್ಸಿಲರೋಮೀಟರಿನಿಂದ ಆ ನಗರದ ರಸ್ತೆಗಳ ಹೊಂಡ, ಉಬ್ಬು, ಬ್ರೇಕುಗಳನ್ನು ಗುರುತಿಸಿದ್ದರು; ಜೇಬಿನಲ್ಲಿ ಹೇಗೆಂದರೆ ಹಾಗೆ ಬಿದ್ದಿರುವ ಫೋನಿಗೆ ಮೇಲು ಕೆಳಗು ಯಾವುದೆಂಬುದನ್ನು ಗುರುತ್ವದಿಂದಲೇ ಕಲಿಸುವುದು ಅವರ ಮೊದಲ ಕೆಲಸವಾಗಿತ್ತು.

ಮಂಡಿ ಗಿರಕಿಯನ್ನು ಈ ಯಂತ್ರಗಳಿಂದ ಅಳೆಯಬೇಕೆಂಬುದು ನನ್ನ ಬಹುಕಾಲದ ಆಸೆ. ಕಾಗದದ ಮೇಲೆ ಅದರ ಗಣನೆಯನ್ನು ಮಾಡಿಟ್ಟಿದ್ದೇನೆ. ಸೆಕೆಂಡಿಗೆ ಒಂದು ಸುತ್ತು ತಿರುಗುವ ವೇಷಧಾರಿಯ ಚಾಚಿದ ಕೈ, ತಿರುವಿನ ಅಕ್ಷದಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ, ಅದರ ಮೇಲಿನ ಕೇಂದ್ರಾಭಿಮುಖ ವೇಗೋತ್ಕರ್ಷ ಸುಮಾರು 2.4 ಜಿ. ಎಡಿಎಕ್ಸ್‌ಎಲ್ 330ರ ಮಿತಿ 3 ಜಿ ಆದುದರಿಂದ ಅಲ್ಲಿಯವರೆಗೆ ‘ವೀ’ ರಿಮೋಟು ತಾಳಿಕೊಳ್ಳುತ್ತದೆ. ಚೆಂಡೆ ಏರಿ, ಎರಡು ಸೆಕೆಂಡಿಗೆ ಮೂರು ಸುತ್ತಾದೊಡನೆ, ವೇಗೋತ್ಕರ್ಷವು ತಿರುವಿನ ವೇಗದ ವರ್ಗವನ್ನನುಸರಿಸಿ ಬೆಳೆಯುವುದರಿಂದ, ಅದು 5.4 ಜಿ ಮುಟ್ಟುತ್ತದೆ. ರಿಮೋಟಿನ ಅಳತೆ ಮಿತಿಗೆ ತಾಗಿ ಚಪ್ಪಟೆಯಾಗಿಬಿಡುತ್ತದೆ. ಜಾಯ್‌ಕಾನ್ 8 ಜಿ ವರೆಗೂ ಅಳೆಯುತ್ತದೆ. ಅದರ ಗೈರೋಸ್ಕೋಪಿಗೆ ಸೆಕೆಂಡಿಗೆ 540 ಡಿಗ್ರಿಯ ಆ ತಿರುವು ಏನೂ ಭಾರವಲ್ಲ, 2000 ಡಿಗ್ರಿಯವರೆಗೂ ಅದು ಸರಿಯಾಗಿ ಓದುತ್ತದೆ. ಗಿರಕಿಯಲ್ಲಿ ಮೈಭಾರವು ಒಂದು ಮಂಡಿಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುವುದರಿಂದ ತಿರುವಿನ ವೇಗ ಒಂದೇ ಸಮನಾಗಿರಲಾರದು. ಪ್ರತಿ ಸುತ್ತಿನಲ್ಲಿಯೂ ಏರಿಳಿತಗಳು ಮೂಡಬೇಕು. ಮುಂದಿನ ತಿರುಗಾಟದಲ್ಲಿ ಯಾವನಾದರೂ ಪುಂಡುವೇಷಧಾರಿ ಒಪ್ಪಿದರೆ, ಅವನ ಸೊಂಟದ ಡಾಬಿನೊಳಗೆ ಜಾಯ್‌ಕಾನ್ ಒಂದನ್ನು ಬಿಗಿದು, ಆ ಏರಿಳಿತಗಳ ಪಕ್ಕದಲ್ಲಿ ಚೆಂಡೆಯ ಧ್ವನಿಮುದ್ರಣವನ್ನಿಟ್ಟು, ಮಂಡಿಯು ನೆಲ ಮುಟ್ಟುವುದು ಪೆಟ್ಟಿನ ಜೊತೆಗೋ, ಅದಕ್ಕಿಂತ ಒಂದು ಕೂದಲೆಳೆ ಮೊದಲೋ ಎಂಬುದನ್ನು ನೋಡತಕ್ಕದ್ದು.